ಕೆಂಪು ಮಣ್ಣು, ಹಸಿರು ತೊಗರಿ, ಎರಡೂ ಒಂದೇ ಬೂದು

ಮಳೆಗಾಲ ಮುಗಿಯೋ ಹೊತ್ತಿಗೆ ಹುಮನಾಬಾದ್ ಕಡೆ ಬಸ್ಸಿನಲ್ಲಿ ಹೋದವರಿಗೆ ಆ ನೋಟ ಗೊತ್ತಿರುತ್ತೆ. ಕೆಂಪು ಜಂಬಿಟ್ಟಿಗೆ ಮಣ್ಣು, ಅದರ ಮೇಲೆ ಹಸಿರು ತೊಗರಿ. ಕಣ್ಣಿಗೆ ಅಷ್ಟು ಚೆಂದ ಕಾಣೋ ಹೊಲದ ಫೋಟೋವನ್ನು ಬ್ಲ್ಯಾಕ್ ಆಂಡ್ ವೈಟ್‌ಗೆ ತಿರುಗಿಸಿ ನೋಡಿ, ಎಲ್ಲಾ ಕಲಸಿದ ಹಿಟ್ಟಿನ ಹಾಗೆ ಒಂದೇ ಬಣ್ಣ!

ಲೆಕ್ಕ ಸಣ್ಣದು. ಬಣ್ಣವನ್ನು ಬೂದಿಗೆ ಇಳಿಸೋ ಒಂದು ಹಳೆಯ ಸೂತ್ರ ಕೆಂಪಿಗೆ ಸುಮಾರು 30, ಹಸಿರಿಗೆ 59, ನೀಲಿಗೆ 11 ಪ್ರತಿಶತ ತೂಕ ಕೊಡುತ್ತೆ. ಮಣ್ಣಿನ ಒಂದು ಚುಕ್ಕೆಯಲ್ಲಿ ಕೆಂಪು 170, ಹಸಿರು 90, ನೀಲಿ 60 ಇದೆ ಅಂದುಕೊಳ್ಳಿ, ಬೂದು 110ರ ಹತ್ತಿರ ಬರುತ್ತೆ. ತೊಗರಿ ಎಲೆಯಲ್ಲಿ 90, 125, 60 ಇದ್ದರೆ 107. 0ಯಿಂದ 255ರವರೆಗಿನ ಏಣಿಯಲ್ಲಿ ಮೂರೇ ಮೆಟ್ಟಿಲು ಅಂತರ. ಕಾಣೋದಾದ್ರೂ ಹೇಗೆ?

ಹೈದರಾಬಾದ್‌ನಲ್ಲಿ ಕೆಲಸ ಮಾಡೋ ನನ್ನ ಅತ್ತೆ ಮಗಳಿಗೆ ಹೋದ ವರ್ಷ ಆಗಿದ್ದು ಇದೇ. ಹುಮನಾಬಾದ್ ಹತ್ತಿರದ ಅವರ ಹೊಲ ಮಾರಾಟಕ್ಕೆ ಹೋಗಿತ್ತು, ರಿಜಿಸ್ಟ್ರಿಗೆ ಎರಡು ವಾರ ಬಾಕಿ. ಗೋಡೆಗೆ ಹಾಕೋಕೆ ಅಂತ ಒಂದು ಫೋಟೋ ತೆಗೆದು, ಬ್ಲ್ಯಾಕ್ ಆಂಡ್ ವೈಟ್ ಮಾಡಿ, ಕಾಂಟ್ರಾಸ್ಟ್ ಜೋರಾಗಿ ಎಳೆದು ಅತ್ತೆಗೆ ತೋರಿಸಿದಳು. ಅತ್ತೆ ಅಂದಿದ್ದು: "ಇದು ಯಾರ ಹೊಲ? ನಮ್ಮ ಹೊಲದಾಗ ಬಾವಿಗೆ ಹೋಗೋ ದಾರಿ ಅದ. ಅದು ಎಲ್ಲದ?"

ದಾರಿ ಫೋಟೋದಲ್ಲೇ ಇತ್ತು. ತೊಗರಿ ಸಾಲಿನ ನಡುವೆ ಕೆಂಪು ಕಾಲುದಾರಿ. ಆದ್ರೆ ಕಾಂಟ್ರಾಸ್ಟ್ ಎಷ್ಟು ಎಳೆದ್ರೂ 110 ಮತ್ತು 107 ಜೋಡಿ ಎತ್ತಿನ ಹಾಗೆ ಜೊತೆಗೇ ಹೋಗ್ತವೆ. ಅವನ್ನು ಬೇರೆ ಮಾಡಬೇಕಾದ್ರೆ ಬಣ್ಣದ ಮೂಲಕವೇ ಮಾಡಬೇಕು.

ಲೈಟ್‌ರೂಮ್ ಆ್ಯಪ್‌ನಲ್ಲಿ ಬ್ಲ್ಯಾಕ್ ಆಂಡ್ ವೈಟ್ ಮಿಕ್ಸ್ ಅಂತ ಇದೆ, ಎಂಟು ಬಣ್ಣಕ್ಕೆ ಎಂಟು ಸ್ಲೈಡರ್. ಆರೆಂಜ್ ಮೇಲೆ ಒಯ್ದೆವು, ಮಣ್ಣು ಬೆಳಗಿತು. ಗ್ರೀನ್ ಕೆಳಗೆ ಎಳೆದ್ರೆ ಮಾತ್ರ ಹೆಚ್ಚೇನೂ ಆಗಲಿಲ್ಲ. ಇಲ್ಲೊಂದು ಗುಟ್ಟಿದೆ: ಬಿಸಿಲಲ್ಲಿರೋ ಎಲೆ ನಮಗೆ ಹಸಿರು, ಆ್ಯಪ್‌ಗೆ ಬಹುಪಾಲು ಹಳದಿ. ಯೆಲ್ಲೋ ಇಳಿಸಿದ ಕೂಡಲೇ ತೊಗರಿ ಗಾಢವಾಯ್ತು, ಬಿಳಿ ದಾರ ಎಳೆದ ಹಾಗೆ ದಾರಿ ಎದ್ದು ಬಂತು. ಸ್ನ್ಯಾಪ್‌ಸೀಡ್ ಇರೋರು ಅದರ ಬ್ಲ್ಯಾಕ್ ಆಂಡ್ ವೈಟ್‌ನಲ್ಲಿ ಕೆಂಪು ಅಥವಾ ಆರೆಂಜ್ ಫಿಲ್ಟರ್ ಒತ್ತಿ ನೋಡಿ, ಇಷ್ಟು ಹಿಡಿತ ಸಿಗಲ್ಲ, ಕೆಲಸ ಆಗುತ್ತೆ. ಅತ್ತೆ ಫೋನ್ ಹತ್ತಿರ ಹಿಡಿದು ನೋಡಿ, "ಹಾಂ, ಈಗ ನಮ್ಮದು ಅನ್ನಸ್ತದ" ಅಂದ್ರು. ಮ್ಯಾಟ್ ಕಾಗದದಲ್ಲಿ ಕಪ್ಪು ಇನ್ನಷ್ಟು ಕುಗ್ಗುತ್ತೆ ಅಂತ ಪ್ರಿಂಟಿಗೆ ಕೊಡೋ ಮೊದಲು ಶ್ಯಾಡೋ ಸ್ವಲ್ಪ ಎತ್ತಿದೆವು.

ಹಳಬರು ಇದನ್ನೇ ಲೆನ್ಸ್ ಮುಂದೆ ಗಾಜು ಇಟ್ಟು ಮಾಡ್ತಿದ್ರು. ಅಮೆರಿಕದ ಆನ್ಸೆಲ್ ಆಡಮ್ಸ್ 1927ರಲ್ಲಿ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರ್‌ನಲ್ಲಿ, ಆಮೇಲೆ ಉಳಿದಿದ್ದ ಒಂದೇ ಪ್ಲೇಟಿನಲ್ಲಿ ಗಾಢ ಕೆಂಪು ಫಿಲ್ಟರ್ ಹಾಕಿ ತೆಗೆದ. ಆಕಾಶ ಹೆಚ್ಚುಕಡಿಮೆ ಕಪ್ಪಾಯ್ತು, ಹೆಸರಾಗಿದ್ದು ಆ ಚಿತ್ರವೇ. ನೀವು ಫೋನ್‌ನಲ್ಲಿ ಬ್ಲೂ ಅಷ್ಟು ಇಳಿಸಬೇಡಿ. ಆಕಾಶದಲ್ಲಿ ಕಾಳು ಕಾಳಾಗಿ ನಾಯ್ಸ್ ಏಳುತ್ತೆ, ಬೇವಿನ ಮರದ ಅಂಚಿಗೆ ಬಿಳಿ ಗೆರೆ ಕೂರುತ್ತೆ.

ಹೊಲದಲ್ಲಿ ಕೆಲಸ ಮಾಡಿದ ಈ ಉಪಾಯ ಬಸವಕಲ್ಯಾಣದ ಕೋಟೆಯಲ್ಲಿ ಮಾಡೋದಿಲ್ಲ. ಕಪ್ಪು ಕಲ್ಲಿನ ಗೋಡೆ, ಪಕ್ಕದಲ್ಲಿ ಅದರದೇ ನೆರಳು. ಬಣ್ಣವೇ ಇಲ್ಲದ ಮೇಲೆ ಮಿಕ್ಸ್ ಯಾವುದನ್ನು ಬೇರೆ ಮಾಡಬೇಕು? ಅಲ್ಲಿ ಕರ್ವ್ ಬೇಕು. ಕರ್ವ್‌ನ ಗೆರೆ ಕಡಿದಾದ ಕಡೆ ಟೋನ್‌ಗಳು ದೂರ ಸರೀತವೆ, ಚಪ್ಪಟೆಯಾದ ಕಡೆ ಒತ್ತಿಕೊಳ್ತವೆ. ಕತ್ತಲ ಭಾಗದಲ್ಲಿ ಗೆರೆ ಕಡಿದು ಮಾಡಿದ್ರೆ ಕಲ್ಲಿನ ಸಂದು ಕಾಣುತ್ತೆ, ಬದಲಿಗೆ ಮೋಡದ ವಿವರ ಹೋಗುತ್ತೆ. ನನ್ನ ಕೇಳಿದ್ರೆ ಮೋಡ ಹೋಗಲಿ ಬಿಡಿ.

ಇನ್ನು ನಡುಮಧ್ಯಾಹ್ನ ತೆಗೆದ ಫೋಟೋ ಆದ್ರೆ ಕರ್ವ್ ಕೂಡ ಹೆಚ್ಚೇನೂ ಮಾಡೋಕಾಗಲ್ಲ. ಬೆಳಿಗ್ಗೆ 7ಕ್ಕೆ ಮತ್ತೆ ಹೋಗಿ, ಬಿಸಿಲು ಓರೆಯಾಗಿ ಬೀಳೋ ಗೋಡೆ ಯಾವುದು ಅಂತ ಒಂದು ಸುತ್ತು ಹಾಕಿ ನೋಡಿ.