ಧೂಳಿನ ತೂಕವೂ ಧೂಳಿನ ಗುಣವೂ: ಪುಣೆಯ ಗಾಳಿಯ ಬಗ್ಗೆ ಮರದೆಲೆಗಳ ಸಾಕ್ಷ್ಯ

ಚಳಿಗಾಲ ಬಂತೆಂದರೆ ಪುಣೆಯ ಪತ್ರಿಕೆಗಳಲ್ಲಿ ವಾಯು ಗುಣಮಟ್ಟ ಸೂಚ್ಯಂಕದ ಅಂಕಿಗಳು ಕಾಣಿಸಿಕೊಳ್ಳತೊಡಗುತ್ತವೆ. ಶಿವಾಜಿನಗರದಲ್ಲಿ ಇಷ್ಟು, ಹಡಪಸರದಲ್ಲಿ ಅಷ್ಟು, ಭೋಸರಿಯಲ್ಲಿ ಇನ್ನಷ್ಟು. ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು 2013ರಲ್ಲಿ ನಮ್ಮ ನಗರಕ್ಕಾಗಿ 'ಸಫರ್' ಎಂಬ ವ್ಯವಸ್ಥೆಯನ್ನು ಆರಂಭಿಸಿದ ಮೇಲೆ ಗಾಳಿಯ ಸ್ಥಿತಿಗತಿ ಜನಸಾಮಾನ್ಯರ ಮಾತಿನಲ್ಲೂ ಸೇರಿಕೊಂಡಿತು. (ಮರಾಠಿಯಲ್ಲಿ ಬರಿಯ ಕಲ್ಲೆಂಬ ಅರ್ಥವುಳ್ಳ ಆ ಬಡಾವಣೆಯ ಹೆಸರು ಕನ್ನಡಿಗರ ಕಿವಿಗೆ ವಿಷವೆಂದೇ ಕೇಳಿಸುವುದು ಕೇವಲ ಭಾಷೆಯ ಚೇಷ್ಟೆ.) ಆದರೆ ನಿತ್ಯವೂ ನೋಡುವ ಈ ಅಂಕಿ ನಮಗೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿಚಾರಿಸಿದವರು ವಿರಳ.

2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸೂಚ್ಯಂಕದ ಸೂತ್ರದಲ್ಲಿ ಎಂಟು ಮಾಲಿನ್ಯಕಾರಕಗಳಿವೆ. ಅವುಗಳಲ್ಲಿ ಸೀಸವೂ ಒಂದು. ಅದಕ್ಕೂ ಮುಂಚೆ, 2009ರ ರಾಷ್ಟ್ರೀಯ ಮಾನದಂಡಗಳು ಒಂದು ಘನ ಮೀಟರ್ ಗಾಳಿಯಲ್ಲಿ ಸೀಸದ ವಾರ್ಷಿಕ ಸರಾಸರಿ 0.5 ಮೈಕ್ರೋಗ್ರಾಂ, ನಿಕಲ್ 20 ನ್ಯಾನೋಗ್ರಾಂ, ಆರ್ಸೆನಿಕ್ 6 ನ್ಯಾನೋಗ್ರಾಂ ಮೀರಬಾರದೆಂದು ವಿಧಿಸಿದ್ದವು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ರಸ್ತೆ ಬದಿಯ ಸ್ವಯಂಚಾಲಿತ ಯಂತ್ರಗಳು ಗಂಟೆಗಂಟೆಗೆ ಅಳೆಯುವುದು ಧೂಳಿನ ತೂಕವನ್ನು ಮತ್ತು ಕೆಲವು ಅನಿಲಗಳನ್ನು ಮಾತ್ರ. ಲೋಹಗಳನ್ನು ತಿಳಿಯಬೇಕಾದರೆ ಧೂಳು ಹಿಡಿದ ಶೋಧಕ ಕಾಗದವನ್ನು ಪ್ರಯೋಗಾಲಯಕ್ಕೆ ಒಯ್ದು, ಆಮ್ಲದಲ್ಲಿ ಕರಗಿಸಿ, ಪರೀಕ್ಷಿಸಬೇಕು. ಆದಕಾರಣ ನಾವು ಬೆಳಗಿನ ಪತ್ರಿಕೆಯಲ್ಲಿ ಓದುವ ಅಂಕಿ ಬಹುಮಟ್ಟಿಗೆ ಧೂಳಿನ ತೂಕವೇ ಆಗಿರುತ್ತದೆ.

ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲಿನ ಮೇಲೆ ನಿಂತಿರುವ ಪುಣೆಯಂತಹ ಊರಿನಲ್ಲಿ ಈ ಭೇದ ಸಣ್ಣದಲ್ಲ. ಎಲ್ಲಿ ನೋಡಿದರೂ ಕಟ್ಟಡ ನಿರ್ಮಾಣ, ರಸ್ತೆ ಅಗೆತ, ಮೆಟ್ರೋ ಕಾಮಗಾರಿ. ಇವುಗಳಿಂದೇಳುವ ಬಸಾಲ್ಟ್ ಶಿಲೆಯ ಒಂದು ಗ್ರಾಂ ಪುಡಿಗೂ, ಹಳೆಯ ಬ್ಯಾಟರಿ ಕರಗಿಸುವ ಕುಲುಮೆಯಿಂದ ಹೊರಟ ಒಂದು ಗ್ರಾಂ ಮಸಿಗೂ ತಕ್ಕಡಿಯಲ್ಲಿ ವ್ಯತ್ಯಾಸವಿಲ್ಲ. ಉಸಿರಾಡುವ ಮಗುವಿನ ದೇಹದಲ್ಲಿ ಅಪಾರ ವ್ಯತ್ಯಾಸವಿದೆ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಪುಣೆಯೂ ಇದೆ. 2025-26ರ ಹೊತ್ತಿಗೆ ಧೂಳಿನ ಕಣಗಳನ್ನು ಶೇ. 40ರಷ್ಟು ತಗ್ಗಿಸಬೇಕೆಂಬುದು ಅದರ ಪರಿಷ್ಕೃತ ಗುರಿಯಾಗಿತ್ತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2024ರಲ್ಲಿ ನಡೆಸಿದ ವಿಶ್ಲೇಷಣೆಯ ಪ್ರಕಾರ ದೇಶದಾದ್ಯಂತ ಈ ಕಾರ್ಯಕ್ರಮದಡಿ ಖರ್ಚಾದ ಹಣದಲ್ಲಿ ಶೇ. 64 ಭಾಗ ರಸ್ತೆಯ ಧೂಳಿನ ನಿವಾರಣೆಗೇ ಹೋಗಿದೆ; ಕೈಗಾರಿಕಾ ಮಾಲಿನ್ಯಕ್ಕೆ ಸಂದದ್ದು ಶೇ. 1ಕ್ಕೂ ಕಡಿಮೆ. ರಸ್ತೆಯ ಧೂಳು ನಿರಪಾಯಕಾರಿಯೆಂದು ನಾವು ಹೇಳುತ್ತಿಲ್ಲ. ಆದರೆ ರಸ್ತೆ ಗುಡಿಸಿ, ನೀರು ಚಿಮುಕಿಸಿ ಅಂಕಿಯನ್ನು ಇಳಿಸುವುದು ಸಾಧ್ಯ; ಹಾಗೆ ಇಳಿದ ಅಂಕಿಯ ಹಿಂದೆ ಸೀಸವೂ ಕ್ಯಾಡ್ಮಿಯಮ್ಮೂ ಇದ್ದಷ್ಟೇ ಇರುವುದೂ ಸಾಧ್ಯ.

ಸೀಸದ ವಿಚಾರದಲ್ಲಿ ಕನ್ನಡ ನಾಡಿಗೆ ಒಂದು ಹಳೆಯ ಸಂಬಂಧವಿದೆ. 1999ರಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ದೇಶದ ಮಹಾನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯು 12 ವರ್ಷದೊಳಗಿನ ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಅಂದಿನ ಮಿತಿಗಿಂತ ಹೆಚ್ಚು ಸೀಸವಿರುವುದನ್ನು ಬಯಲಿಗೆಳೆಯಿತು. ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ತರುವಾಯ ಈ ವಿಷಯವನ್ನೇ ತಮ್ಮ ಜೀವಿತದ ಕಾರ್ಯವಾಗಿಸಿಕೊಂಡರು. 2000ನೇ ಇಸವಿಯಲ್ಲಿ ಸೀಸಯುಕ್ತ ಪೆಟ್ರೋಲ್ ದೇಶದಿಂದ ನಿರ್ಗಮಿಸಿತು. ಅಲ್ಲಿಗೆ ಕಥೆ ಮುಗಿಯಿತೆಂದು ನಾವೆಲ್ಲರೂ ನೆಮ್ಮದಿಯಿಂದಿದ್ದೆವು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ವರದಿಯು ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆಯೆಂದು ಅಂದಾಜಿಸಿತು. ಬಣ್ಣ, ಮಸಾಲೆಗಳ ಕಲಬೆರಕೆ, ಪಾತ್ರೆಯ ಲೇಪ, ಅನಧಿಕೃತ ಬ್ಯಾಟರಿ ಕುಲುಮೆಗಳು ಹೀಗೆ ಮೂಲಗಳು ಹಲವು. ಗಾಳಿಯ ಪಾಲು ಎಷ್ಟು, ಯಾವ ಬೀದಿಯಲ್ಲಿ ಎಷ್ಟು ಎಂಬುದೇ ಪ್ರಶ್ನೆ. ನಗರಕ್ಕೆ ಬೆರಳೆಣಿಕೆಯಷ್ಟಿರುವ ಯಂತ್ರಗಳು ಬೀದಿಯ ಪ್ರಶ್ನೆಗೆ ಉತ್ತರ ಹೇಳಲಾರವು.

ಇಲ್ಲಿಯೇ ಮರದೆಲೆಯ ಪ್ರಸ್ತಾಪ ಬರುವುದು. ಎಲೆಯೆಂಬುದು ತಿಂಗಳುಗಟ್ಟಲೆ ಒಂದೇ ಸ್ಥಳದಲ್ಲಿ ನಿಂತು, ಹಗಲೂ ರಾತ್ರಿ ಗಾಳಿಯನ್ನು ಸೋಸುತ್ತಾ, ತನ್ನ ಮೇಲ್ಮೈಯಲ್ಲಿ, ಮೇಣದ ಪದರದಲ್ಲಿ, ರೋಮಗಳಲ್ಲಿ ಧೂಳನ್ನು ಹಿಡಿದಿಡುವ ವಸ್ತು. ಅದಕ್ಕೆ ವಿದ್ಯುತ್ತು ಬೇಡ, ಕಾವಲುಗಾರನೂ ಬೇಡ. 1960ರ ದಶಕದ ಉತ್ತರಾರ್ಧದಲ್ಲಿ ಸ್ವೀಡನ್ನಿನ ರೂಲಿಂಗ್ ಮತ್ತು ಟೈಲರ್ ಎಂಬ ವಿಜ್ಞಾನಿಗಳು ಹಾವಸೆಯಲ್ಲಿ ಸಂಗ್ರಹವಾದ ಸೀಸವನ್ನು ಅಳೆದು ಈ ಮಾರ್ಗಕ್ಕೆ ನಾಂದಿ ಹಾಡಿದರು. ನಮ್ಮ ಬೆಂಗಳೂರಿನಲ್ಲೇ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲಾಲ್‌ಬಾಗ್ ಮತ್ತಿತರ ಕಡೆಯ ಕಲ್ಲುಹೂವುಗಳಲ್ಲಿ ಭಾರಲೋಹಗಳ ಶೇಖರಣೆಯನ್ನು ಪರಿಶೀಲಿಸಿತ್ತು. ಅದರ ಲೇಖಕರಲ್ಲಿ ಪುಣೆಯಲ್ಲೇ ಜನಿಸಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಮಾಧವ ಗಾಡ್ಗೀಳರೂ ಒಬ್ಬರು. ಇಲ್ಲಿನವರು ದಗಡ್‌ಫೂಲ್ ಎಂದು ಗೋಡಾ ಮಸಾಲೆಗೆ ಹಾಕುವುದೂ ಈ ಕಲ್ಲುಹೂವಿನ ಜಾತಿಯನ್ನೇ.

ಈ ವಿಧಾನದ ನಿಜವಾದ ಶಕ್ತಿಯನ್ನು ತೋರಿದ್ದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ. 2013ರಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಸಂಶೋಧಕರು ಬೀದಿ ಮರಗಳ ಕಾಂಡಕ್ಕಂಟಿದ ಹಾವಸೆಯ 346 ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ನಕ್ಷೆಯ ಮೇಲೆ ಗುರುತಿಸಿದಾಗ ಕ್ಯಾಡ್ಮಿಯಂ ಎರಡು ಕಡೆ ಗುಪ್ಪೆಯಾಗಿ ಕಂಡಿತು. ಎರಡೂ ಬಣ್ಣದ ಗಾಜು ತಯಾರಿಸುವ ಕಾರ್ಖಾನೆಗಳ ಸುತ್ತಮುತ್ತಲಿನ ಜಾಗಗಳು. ಜನವಸತಿಯ ನಡುವೆ ಇದ್ದ ಆ ಕಾರ್ಖಾನೆಗಳ ಮೇಲೆ ಅದುವರೆಗೆ ಯಾರಿಗೂ ಅನುಮಾನವಿರಲಿಲ್ಲ. 2015ರ ಅಕ್ಟೋಬರಿನಲ್ಲಿ ಅವುಗಳಲ್ಲೊಂದರ ಸಮೀಪ ಯಂತ್ರವಿಟ್ಟು ಗಾಳಿಯನ್ನೇ ಅಳೆದಾಗ ಕ್ಯಾಡ್ಮಿಯಂ ರಾಜ್ಯದ ಆರೋಗ್ಯ ಮಾನದಂಡದ 49 ಪಟ್ಟು ಇತ್ತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಊರಿಗೆ ಊರೇ ಎದ್ದು ನಿಂತಿತು; ಮುಂದೆ ರಾಜ್ಯದ ಕೈಗಾರಿಕಾ ವಾಯು ನಿಯಮಗಳೇ ಬದಲಾದವು. ಹಾವಸೆ ಶಿಕ್ಷೆ ವಿಧಿಸಲಿಲ್ಲ, ಪ್ರಮಾಣವನ್ನೂ ನಿಖರವಾಗಿ ಹೇಳಲಿಲ್ಲ. ಯಂತ್ರವನ್ನು ಎಲ್ಲಿ ಇಡಬೇಕೆಂದು ತೋರಿಸಿತು, ಅಷ್ಟೇ. ಪುಣೆಗೆ ಬೇಕಾಗಿರುವುದೂ ಅಷ್ಟೇ ಎಂಬುದು ನಮ್ಮ ಅಭಿಪ್ರಾಯ.

ಪುಣೆಯಲ್ಲಿ ಇದನ್ನು ಮಾಡಹೊರಟರೆ ತೊಡಕುಗಳಿಲ್ಲದೆ ಇಲ್ಲ. ಮೊದಲನೆಯದು ನಮ್ಮ ಕಲ್ಲೇ. ಬಸಾಲ್ಟಿನಲ್ಲಿ ಕಬ್ಬಿಣ, ತಾಮ್ರ, ನಿಕಲ್, ಕ್ರೋಮಿಯಂ ಸಹಜವಾಗಿಯೇ ಇವೆ. ಎಲೆಯ ಮೇಲೆ ತಾಮ್ರ ಸಿಕ್ಕಿತೆಂದು ಕಾರ್ಖಾನೆಯ ಕಡೆಗೆ ಬೆರಳು ತೋರಿಸಿದರೆ ಅದು ಟೇಕಡಿಯ ಮಣ್ಣೇ ಆಗಿರಬಹುದು. ಎಲೆಯ ಲೋಹವನ್ನು ಅಲ್ಯೂಮಿನಿಯಂ ಅಥವಾ ಕಬ್ಬಿಣದೊಡನೆ ಹೋಲಿಸಿ, ಮಣ್ಣಿನಲ್ಲಿರುವ ಅನುಪಾತಕ್ಕಿಂತ ಎಷ್ಟು ಹೆಚ್ಚಿದೆಯೆಂದು ಲೆಕ್ಕ ಹಾಕಬೇಕಾಗುತ್ತದೆ. ಸೀಸ ಮತ್ತು ಕ್ಯಾಡ್ಮಿಯಂ ಈ ಶಿಲೆಯಲ್ಲಿ ತೀರ ಅಲ್ಪ. ಆದ್ದರಿಂದ ಅವು ಎಲೆಯ ಮೇಲೆ ಕಂಡರೆ ಅನುಮಾನಕ್ಕೆ ಹೆಚ್ಚು ಆಧಾರವಿರುತ್ತದೆ. ಸತು ಮತ್ತು ತಾಮ್ರ ಗಿಡಕ್ಕೆ ಆಹಾರವೂ ಹೌದು, ಬೇರಿನಿಂದಲೇ ಮೇಲೇರುತ್ತವೆ. ಸೀಸ ಮಾತ್ರ ಬೇರಿನಿಂದ ಎಲೆಗೆ ಅಷ್ಟು ಸುಲಭವಾಗಿ ಸಾಗುವುದಿಲ್ಲ. ಅರ್ಧದಷ್ಟು ಎಲೆಗಳನ್ನು ತೊಳೆದು, ಅರ್ಧವನ್ನು ತೊಳೆಯದೆ ಪರೀಕ್ಷಿಸಿದರೆ ಗಾಳಿಯಿಂದ ಕುಳಿತದ್ದು ಎಷ್ಟೆಂಬುದರ ಅಂದಾಜು ದೊರೆಯುತ್ತದೆ.

ಮರದ ಆಯ್ಕೆಯೂ ಮುಖ್ಯ. ಆಲದ ಎಲೆ ಅಗಲ, ದಪ್ಪ. ಧೂಳನ್ನು ಚೆನ್ನಾಗಿ ಹೊರುತ್ತದೆ. ಅರಳಿಯ ಎಲೆ ಉದ್ದ ತೊಟ್ಟಿನ ತುದಿಯಲ್ಲಿ ಸದಾ ಅಲುಗುತ್ತಿರುವುದರಿಂದ ಧೂಳನ್ನು ಅಷ್ಟಿಷ್ಟು ಕೊಡವಿಕೊಳ್ಳುತ್ತದೆ. ಹೆದ್ದಾರಿಗಳ ನಡುಪಟ್ಟಿಯಲ್ಲಿ ನೆಡುವ ಕಣಗಿಲೆಯ ಎಲೆಯಡಿ ರೋಮಭರಿತ ಕುಳಿಗಳಿವೆ. ಮೆಡಿಟರೇನಿಯನ್ ತೀರದ ದೇಶಗಳಲ್ಲಿ ಇದೇ ಕಾರ್ಯಕ್ಕೆ ಅದನ್ನು ಬಳಸಿದ್ದಾರೆ. ಯಾವುದನ್ನೇ ಆರಿಸಲಿ, ಊರಿಡೀ ಅದೊಂದೇ ಜಾತಿ, ಒಂದೇ ಎತ್ತರ, ಒಂದೇ ಪ್ರಾಯದ ಎಲೆಯಾಗಿರಬೇಕು.

ಹೀಗೆ ಬೀದಿಬೀದಿಯ ಎಲೆಯನ್ನು ಓದಿದರೆ ಏನೇನು ತಿಳಿದೀತು? ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಬಾರ್ಬರಾ ಮಾಹೆರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಹನಗಳು ಏದುಸಿರು ಬಿಡುತ್ತ ಹತ್ತುವ ಏರುರಸ್ತೆಯ ಬದಿಯ ಎಲೆಗಳಲ್ಲಿ ಇಳಿಜಾರಿನ ಬದಿಗಿಂತ ಹೆಚ್ಚು ಲೋಹಕಣಗಳು ದೊರೆತವು. ನಮ್ಮಲ್ಲಿ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಲಾರಿಗಳು ಬ್ರೇಕನ್ನು ತುಳಿದುಕೊಂಡೇ ಬರುತ್ತವೆ. ಅಲ್ಲಿ ನಡೆಯುವ ಅಪಘಾತಗಳ ಸುದ್ದಿ ನಾವೆಲ್ಲ ಓದಿದ್ದೇವೆ. ಬ್ರೇಕಿನ ಪಟ್ಟಿ ಸವೆದಾಗ ಹೊರಬೀಳುವುದು ತಾಮ್ರ, ಆಂಟಿಮನಿ. ಆ ಇಳಿಜಾರಿನ ಎರಡೂ ಬದಿ ಈಗ ಜನವಸತಿಯಿಂದ ತುಂಬಿದೆ. ಹೊಗೆ ಉಗುಳದ ವಿದ್ಯುತ್ ವಾಹನಗಳು ಬಂದರೂ ಟೈರು ಸವೆಯುವುದು ನಿಲ್ಲುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು.

ಇನ್ನೊಂದು ಉದಾಹರಣೆ ಚಿಖಲಿ ಬಳಿಯ ಕುದಳವಾಡಿ. 2025ರ ಫೆಬ್ರವರಿಯಲ್ಲಿ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಯು ಅಲ್ಲಿನ ಗುಜರಿ ಅಂಗಡಿ, ಗೋದಾಮುಗಳೂ ಸೇರಿದಂತೆ ನಾಲ್ಕು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ನೆಲಸಮಗೊಳಿಸಿತು. ಪದೇ ಪದೇ ಬೀಳುತ್ತಿದ್ದ ಬೆಂಕಿ, ಅದರ ಹೊಗೆ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಆದರೆ ಗುಜರಿಯ ವ್ಯಾಪಾರ ನಿಂತುಹೋಗುವಂಥದ್ದಲ್ಲ; ಒಂದೆಡೆ ಎಬ್ಬಿಸಿದರೆ ಇನ್ನೊಂದೆಡೆ ಕೂರುವುದು ಅದರ ಸ್ವಭಾವ. ಅದು ಎಲ್ಲಿಗೆ ಹೋಯಿತೋ ಅಲ್ಲಿಗೆ ಮಾಪನ ಕೇಂದ್ರ ಬೆನ್ನಟ್ಟಿ ಹೋಗದು. ಅಂತಹ ಜಾಗಗಳ ಪಕ್ಕದಲ್ಲಿ ತಗಡಿನ ಮನೆ ಕಟ್ಟಿಕೊಂಡಿರುವವರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿಗಳಿಂದ ಕೂಲಿಗಾಗಿ ಬಂದ ನಮ್ಮವರೂ ಇದ್ದಾರೆ. ಕೋಥ್ರೂಡಿನಲ್ಲೋ ಸಹಕಾರನಗರದಲ್ಲೋ ಸ್ವಂತ ಮನೆ ಮಾಡಿಕೊಂಡು ನೆಲೆಸಿರುವ ನಾವು ಸೂಚ್ಯಂಕ ನೋಡಿ ಕಿಟಕಿ ಮುಚ್ಚಿಕೊಳ್ಳಬಹುದು. ಅವರಿಗೆ ಮುಚ್ಚಲು ಕಿಟಕಿಯೇ ಇರುವುದಿಲ್ಲ. ಗಾಳಿಯನ್ನು ಅಳೆಯಬೇಕಾದ ಮೊದಲ ಸ್ಥಳ ಅವರ ಅಂಗಳವೆಂದು ನಾವು ಭಾವಿಸುತ್ತೇವೆ.

ಇಷ್ಟೆಲ್ಲ ಹೇಳುವಾಗ ಮರಗಳೇ ಉಳಿಯಬೇಕಲ್ಲ ಎಂಬ ಮಾತು ಬಂದೇ ಬರುತ್ತದೆ. ಗಣೇಶಖಿಂಡ್ ರಸ್ತೆಯ ಅಗಲೀಕರಣಕ್ಕೆ ಬಲಿಯಾಗುವ ಮರಗಳ ವಿಷಯ ನ್ಯಾಯಾಲಯದವರೆಗೂ ಹೋಯಿತು. ನದಿತೀರ ಯೋಜನೆಯ ವಿರುದ್ಧ 2023ರ ಏಪ್ರಿಲ್‌ನಲ್ಲಿ ನಾಗರಿಕರು ಬೀದಿಗಿಳಿದರು. 2021ರ ತಿದ್ದುಪಡಿಯ ನಂತರ ಮಹಾರಾಷ್ಟ್ರದ ಕಾನೂನು 50 ವರ್ಷ ಮೀರಿದ ಮರವನ್ನು ಪಾರಂಪರಿಕ ವೃಕ್ಷವೆಂದು ಗುರುತಿಸುತ್ತದೆ. ಹತ್ತು ಸಸಿ ನೆಟ್ಟು ಒಂದು ಆಲವನ್ನು ಕಡಿಯುವ ಲೆಕ್ಕಾಚಾರದಲ್ಲಿ ನೆರಳು, ಹಕ್ಕಿಗಳ ಜೊತೆಗೆ ಇದೂ ಒಂದು ನಷ್ಟ. ವರ್ಷ ವರ್ಷವೂ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಎಲೆ ಕೊಯ್ದು ಹೋಲಿಸಬಹುದಾದ ಸಾಕ್ಷಿ ಅಲ್ಲಿಗೆ ಇಲ್ಲವಾಗುತ್ತದೆ.

ಕಾರ್ಯ ಅಸಾಧ್ಯವೇನಲ್ಲ. ಅಕ್ಟೋಬರಿನಲ್ಲಿ ಮುಂಗಾರು ಹಿಂದಿರುಗಿದ ಮೇಲೆ ಪುಣೆಯಲ್ಲಿ ಮಳೆ ಅತ್ಯಲ್ಪ. ಎಲೆಯ ಮೇಲೆ ಕುಳಿತದ್ದು ಬಹುಪಾಲು ಹಾಗೆಯೇ ಉಳಿಯುತ್ತದೆ. ಜನವರಿಯ ಕೊನೆಯ ವಾರ, ಮರಗಳು ಎಲೆ ಉದುರಿಸುವುದಕ್ಕೆ ಮೊದಲು, ಸಂಗ್ರಹಕ್ಕೆ ಪ್ರಶಸ್ತ ಕಾಲ. ಕಾಗದದ ಚೀಲ, ಕತ್ತರಿ, ಸ್ಥಳ ಗುರುತಿಸಲು ಮೊಬೈಲು ಸಾಕು. ಪ್ರೌಢಶಾಲೆಯ ಮಕ್ಕಳೂ ಮಾಡಬಲ್ಲರು. ಎರಂಡವಣೆಯ ಗಣೇಶನಗರದ ಕನ್ನಡ ಶಾಲೆಯಿಂದ ಕರ್ವೆ ರಸ್ತೆ ಎಷ್ಟು ದೂರ? ದುಬಾರಿಯಾದದ್ದು ಪ್ರಯೋಗಾಲಯದ ಪರೀಕ್ಷೆ ಮಾತ್ರ. ಅದಕ್ಕೆ ವಿಶ್ವವಿದ್ಯಾಲಯವಿದೆ, ಅಘಾರ್ಕರ್ ಸಂಶೋಧನಾ ಸಂಸ್ಥೆಯಿದೆ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. ಇಷ್ಟೊಂದು ವಿಜ್ಞಾನ ಸಂಸ್ಥೆಗಳನ್ನು ಹತ್ತು ಕಿಲೋಮೀಟರಿನೊಳಗೆ ಇಟ್ಟುಕೊಂಡಿರುವ ನಗರಗಳು ದೇಶದಲ್ಲಿ ಹೆಚ್ಚಿಲ್ಲ. ಎರಡೂ ಮಹಾನಗರಪಾಲಿಕೆಗಳು ಶುದ್ಧ ಗಾಳಿಗೆಂದು ಬರುವ ಹಣದ ಒಂದು ಸಣ್ಣ ಅಂಶವನ್ನು ಇದಕ್ಕೆ ಮೀಸಲಿಟ್ಟು, ಫಲಿತಾಂಶವನ್ನು ವಾರ್ಡುವಾರು ನಕ್ಷೆಯಾಗಿ ಪ್ರಕಟಿಸಬೇಕೆಂದು ಕೇಳುವ ಹಕ್ಕು ಇಲ್ಲಿ ಮನೆತೆರಿಗೆ ಕಟ್ಟುವ ನಮಗೆಲ್ಲರಿಗೂ ಇದೆ. ಎಲೆಯಲ್ಲಿ ಸೀಸ ಹೆಚ್ಚು ಕಂಡ ಬೀದಿಯಲ್ಲಿ ಮೊದಲು ಯಂತ್ರವಿಡಲಿ, ಆನಂತರ ಅಲ್ಲಿನ ಅಂಗನವಾಡಿಯ ಮಕ್ಕಳ ರಕ್ತ ಪರೀಕ್ಷೆಯಾಗಲಿ.