ಹೆಸರು ಗೊತ್ತಿದ್ದರೆ ಆಟ ಬಂದಂತೆಯೇ?

ಕಳೆದ ವಾರ ನಮ್ಮ ಕಾಲೇಜಿನ ಚೆಸ್ ತಂಡಕ್ಕೆ ಆಯ್ಕೆ ನಡೆಯಿತು. ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದ ಮೊದಲ ವರ್ಷದ ಹುಡುಗನೊಬ್ಬ ನಿಂತಿದ್ದ. ತಂಡದ ನಾಯಕರೂ ನಮ್ಮ ಸಂಘದವರೇ. "ಕ್ವೀನ್ಸ್ ಗ್ಯಾಂಬಿಟ್ಟಿಗೆ ಏನೇನು ಉತ್ತರ ಇದೆ, ಹೇಳು ನೋಡೋಣ" ಅಂದರು. "ನಾ ಅಜ್ಜನ ಜೋಡಿ ಆಡಿ ಕಲ್ತೀನ್ರಿ, ಹೆಸರು ಗೊತ್ತಿಲ್ರಿ" ಅಂದ ಅವನು. ಅಲ್ಲಿಗೆ ಮುಗಿಯಿತು. ಒಂದು ಆಟವನ್ನೂ ಆಡಿಸಲಿಲ್ಲ. ಆಗ ನಾನೂ ಹೂಂಗುಟ್ಟಿದೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಓಪನಿಂಗ್ ಬಾಯಿಪಾಠವಾದರೆ ಅರ್ಧ ಗೆದ್ದಂತೆ ಎನ್ನುವ ಗೆಳೆಯರು, 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವಪಂದ್ಯದ ಆರನೆಯ ಆಟವನ್ನು ಬೋರ್ಡಿನ ಮೇಲೆ ಇಟ್ಟು ನೋಡಲಿ. ಐದು ಆಟ ಮುಗಿದಾಗ ಫಿಶರ್, ಸ್ಪಾಸ್ಕಿ ಸಮಸಮ. ಹೆಚ್ಚುಕಡಿಮೆ ಯಾವಾಗಲೂ ರಾಜನ ಕಾಲಾಳನ್ನೇ ಮೊದಲು ನಡೆಸುತ್ತಿದ್ದ ಫಿಶರ್ ಅಂದು ಸಿ4 ಆಡಿದ. ಆಟ ಕ್ವೀನ್ಸ್ ಗ್ಯಾಂಬಿಟ್ಟಿಗೆ ಹೊರಳಿತು. ಸ್ಪಾಸ್ಕಿ ತನಗೆ ಪ್ರಿಯವಾದ ಟಾರ್ಟಕೋವರ್ ರಕ್ಷಣೆಯನ್ನೇ ಹಿಡಿದ. ಅಂದರೆ ಫಿಶರ್ ಹೊಕ್ಕಿದ್ದು ಎದುರಾಳಿಯ ಮನೆಯನ್ನು!

ಹದಿನಾಲ್ಕನೆಯ ನಡೆಗೆ ಬಿಳಿಯ ಒಂಟೆ ಬಿ5ಕ್ಕೆ ಬಂತು. ಹೊಸದೇನಲ್ಲ, 1970ರಲ್ಲೇ ಫುರ್ಮನ್ ಅದನ್ನು ಗೆಲ್ಲರ್ ಎದುರು ಆಡಿದ್ದ. ಅದೇ ಗೆಲ್ಲರ್ ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿಯ ಸಹಾಯಕ! ಆದರೂ ಸ್ಪಾಸ್ಕಿ ಎ6 ಆಡಿ ಕಷ್ಟಕ್ಕೆ ಬಿದ್ದ. 1973ರಲ್ಲಿ ಗೆಲ್ಲರ್, ಟಿಮನ್ ಎದುರು ಇದೇ ಘಟ್ಟದಲ್ಲಿ ರಾಣಿಯನ್ನು ಬಿ7ಕ್ಕೆ ಸರಿಸಿ ಗೆದ್ದ. ಮದ್ದು ಒಂದು ವರ್ಷ ತಡವಾಯಿತು ಅನ್ನಿ.

ಆಮೇಲೆ ಪುಸ್ತಕ ನೆರವಿಗೆ ಬರಲಿಲ್ಲ. 20ನೆಯ ನಡೆಗೆ ಫಿಶರ್ ಇ4 ಅಂದ. ಸ್ಪಾಸ್ಕಿ ಕಾಲಾಳನ್ನು ಡಿ4ಕ್ಕೆ ನೂಕಿ, ಬಿಳಿಯ ಒಂಟೆಗೆ ಸಿ4 ಎಂಬ ಚೆಂದದ ಮನೆ ಬಿಟ್ಟುಕೊಟ್ಟ. ಕಪ್ಪು ಕುದುರೆ ನಿಲ್ಲಲು ಜಾಗವಿಲ್ಲದೆ ಎಫ್8, ಎಚ್7 ಎಂದು ಅಲೆಯಿತು. ರಾಣಿಯಂತೂ ಡಿ8, ಇ8, ಮತ್ತೆ ಡಿ8! ಹಾಸ್ಟೆಲ್ಲಿನ ನಲ್ಲಿಯ ಮುಂದೆ ಬಕೆಟ್ ಹಿಡಿದು ಅತ್ತಿಂದಿತ್ತ ಅಡ್ಡಾಡುವ ನಮ್ಮ ಹಾಗೆ. 38ಕ್ಕೆ ಬಿಳಿಯ ಆನೆ ಆ ಕುದುರೆಯನ್ನೇ ಹೊಡೆದು ತಾನೂ ಬಲಿಯಾಯಿತು. 41ಕ್ಕೆ ಸ್ಪಾಸ್ಕಿ ಸೋಲೊಪ್ಪಿದ. ಸಭಿಕರ ಜೊತೆ ತಾನೂ ಚಪ್ಪಾಳೆ ತಟ್ಟಿದ.

ಫಿಶರ್ ಓದಿರಲಿಲ್ಲವೇ ಎಂದು ಕೇಳುತ್ತೀರಿ. ಓದಿದ್ದ, ರಾಶಿ ರಾಶಿ ಓದಿದ್ದ. ಓದಬೇಡಿ ಅಂತ ನಾನೆಲ್ಲಿ ಅಂದೆ? ಹದಿನಾಲ್ಕು ನಡೆ ಕಲಿಸೋದು ಎರಡು ವಾರದ ಕೆಲಸ. ಆದರೆ ಕುದುರೆಗೆ ಜಾಗ ಎಲ್ಲಿದೆ ಎಂದು ಕಾಣುವ ಕಣ್ಣು ಆ ಹುಡುಗನಿಗೆ ಇದೆಯೋ ಇಲ್ಲವೋ, ನಾವು ನೋಡಲೇ ಇಲ್ಲ. ಅಂತರಕಾಲೇಜು ಪಂದ್ಯಕ್ಕೆ ಹೆಸರು ಕೊಡಲು ಇನ್ನೂ ದಿನವಿದೆ. ಶನಿವಾರ ಅವನನ್ನು ಕರೆಸಿ. ಎದುರಿಗೆ ನಾನೇ ಕೂರುತ್ತೇನೆ. ಸೋತರೆ ತಂಡದಲ್ಲಿನ ನನ್ನ ಜಾಗ ಅವನಿಗೆ.