ದಾಳವೂ ಕಟ್ಟಳೆಯೂ

ಗಣಕಯಂತ್ರದ ಆಟಗಳೆಂದೊಡನೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ ಮಂದಿ. ಆದರೂ ಆ ಆಟಗಳಲ್ಲಿನ ಯಂತ್ರಮಾನವರು, ಅಂದರೆ ರೋಬಾಟ್‌ಗಳು, ರೂಪುಗೊಳ್ಳುವ ಬಗೆಯನ್ನು ಕಲಾ ವಿಭಾಗದ ವಿದ್ಯಾರ್ಥಿಗಳಾದ ನಾವೂ ವಿಚಾರ ಮಾಡಬೇಕೆಂದು ನನ್ನ ಅಭಿಪ್ರಾಯ.

ಚಿತ್ರಕಾರನು ಹತ್ತು ತಲೆ, ಹತ್ತು ಮುಂಡ, ಹತ್ತು ಜೊತೆ ಕೈ, ಹತ್ತು ಜೊತೆ ಕಾಲುಗಳನ್ನು ರಚಿಸಿಕೊಟ್ಟರೆ ಸಾಕು. ಯಂತ್ರವು ದಾಳ ಉರುಳಿಸಿದಂತೆ ಅವನ್ನು ಕೂಡಿಸಿ 10,000 ರೋಬಾಟ್‌ಗಳನ್ನು ನಿಲ್ಲಿಸುತ್ತದೆ. ಹೀಗೆ ಕಟ್ಟಳೆಗಳ ಮೂಲಕ ರೂಪಗಳನ್ನು ಹುಟ್ಟಿಸುವುದಕ್ಕೆ ಪ್ರೊಸೀಜರಲ್ ಮಾಡೆಲಿಂಗ್ ಎಂದು ಹೆಸರು. ಪ್ರತಿಯೊಂದು ರೂಪಕ್ಕೂ ಒಂದು ಬೀಜಸಂಖ್ಯೆ ಉಂಟು. ಅದನ್ನೇ ಮತ್ತೆ ಕೊಟ್ಟರೆ ಅದೇ ರೋಬಾಟ್ ಮರಳಿ ಬರುತ್ತದೆ. ಆದುದರಿಂದ ಅಷ್ಟನ್ನೂ ಕೂಡಿಡಬೇಕಾದ್ದಿಲ್ಲ.

ಲೆಕ್ಕವೇನೋ ಸೊಗಸಾಗಿದೆ. ಆದರೆ ಗಣ, ಮಾತ್ರೆ ಸರಿಹೋದ ಮಾತ್ರಕ್ಕೆ ಕಂದಪದ್ಯವು ಕಾವ್ಯವಾದೀತೆ? ಕಡ್ಡಿಯಂಥ ಕಾಲುಗಳ ಮೇಲೆ ಆನೆಯಂಥ ಮುಂಡ ಕುಳಿತರೆ ನಗೆಗೀಡು. ಅದನ್ನು ತಡೆದರೂ, ಒಂದನ್ನೊಂದು ಹೋಲುವ ಸಾವಿರ ರೂಪಗಳನ್ನು ಕಂಡು ಆಡುವವನು ಬೇಸರಗೊಳ್ಳದಿರುವನೆ?

ಈ ವಿವೇಕ ಹೊಸದೇನಲ್ಲ. 1984ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೇಬೆನ್, ಇಯಾನ್ ಬೆಲ್ ಎಂಬ ತರುಣರು ಇದೇ ವಿಧಾನದಿಂದ 'ಎಲೈಟ್' ಎಂಬ ಆಟದ ಆಕಾಶವನ್ನು ರಚಿಸಿದರು. ಅವರು ಮೊದಲು ಎಣಿಸಿದ್ದುದು ಸುಮಾರು 281 ಲಕ್ಷ ಕೋಟಿ ನಕ್ಷತ್ರಪುಂಜಗಳನ್ನು! ಅಷ್ಟಾದರೆ ಅದರ ಹಿಂದಿನ ಗಣಿತ ಬಯಲಾಗುವುದೆಂದು ಪ್ರಕಾಶಕರು ತಡೆದರು. ಕೊನೆಗೆ ಉಳಿದುವು ಎಂಟೇ ಪುಂಜಗಳು, ಒಂದೊಂದರಲ್ಲಿ 256 ಗ್ರಹಗಳು. ಆಟ ಪ್ರಸಿದ್ಧವಾಯಿತು.

ಹಾಗಾದರೆ ರೋಬಾಟಿಗೆ ಯಾವ ಕಟ್ಟಳೆ ಬೇಕು? ಆ ಹೆಸರೇ ದಾರಿ ತೋರಿಸುತ್ತದೆ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್‌ನ 1920ರ 'ಆರ್.ಯು.ಆರ್.' ನಾಟಕದಿಂದ ಬಳಕೆಗೆ ಬಂದ ಈ ಶಬ್ದಕ್ಕೆ ಬಿಟ್ಟಿ ಚಾಕರಿ ಎಂಬರ್ಥದ ಪದವೇ ಮೂಲ. ರೋಬಾಟ್ ದುಡಿಯಲು ಹುಟ್ಟಿದುದು. ಮೊದಲು ಅದರ ಕೆಲಸ ನಿಶ್ಚಯವಾಗಲಿ. ದಾಳ ಅನಂತರ ಉರುಳಲಿ. ಹೊರೆ ಹೊರುವುದಕ್ಕೆ ಅಗಲವಾದ ಪಾದ, ಕಾವಲು ಕಾಯುವುದಕ್ಕೆ ಎತ್ತರದ ಕಣ್ಣು, ಬಿಲದೊಳಗೆ ನುಸುಳುವುದಕ್ಕೆ ಕಿರಿದಾದ ಮೈ. ಆಗ ಬಣ್ಣ, ಕೊಂಬು, ಕವಚಗಳು ಹೇಗೆ ಬದಲಾದರೂ, ಎದುರಿಗೆ ಬಂದುದು ಯಾರೆಂದು ಆಡುವವನು ಒಂದೇ ನೋಟಕ್ಕೆ ತಿಳಿಯುತ್ತಾನೆ.

ಈ ವಿಧಾನದಿಂದ ಚಿತ್ರಕಾರನ ಅನ್ನಕ್ಕೆ ಕಲ್ಲು ಬೀಳುವುದೆಂಬ ಭಯವೊಂದಿದೆ. ಕೂಡಿಸುವ ಕೂಲಿ ಕೆಲಸ ಕಡಿಮೆಯಾಗುವುದು ನಿಜ. ಆದರೆ ಯಾವುದು ಯಾವುದಕ್ಕೆ ಒಪ್ಪುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬ ಔಚಿತ್ಯವನ್ನು ದಾಳ ಅರಿಯದು. ಅದನ್ನು ಅರಿತವರು ಕಟ್ಟಳೆ ಬರೆಯದಿದ್ದರೆ, ಅರಿಯದವರು ಬರೆಯುತ್ತಾರೆ. ಕಾವ್ಯದಲ್ಲಿ ಔಚಿತ್ಯವನ್ನು ಓದುತ್ತಿರುವ ಮಿತ್ರರು ಈ ಕ್ಷೇತ್ರವನ್ನು ವಿಜ್ಞಾನದವರಿಗೆ ಮಾತ್ರ ಬಿಟ್ಟು ಸುಮ್ಮನಿರುವುದು ತರವಲ್ಲ.